ಕುಳಿತು ಎಸೆದ ಚಕ್ರ

(ಬಾನುಲಿ ಭಾಷಣ)

ಚಕ್ರ ಎಸೆಯಲು ಅಣಿಯಾಗಿ ನಿಂತ ಗ್ರೀಕ್ ತರುಣನ ಪ್ರತಿಮೆಯ ಚಿತ್ರವನ್ನು ನೀವೆಲ್ಲರೂ ಎಲ್ಲಿಯಾದರೂ ಕಂಡೇ ಇರುತ್ತೀರಿ. ಶಾಲೆಯ ಇತಿಹಾಸದ ಪುಸ್ತಕದಲ್ಲಿ ಕಂಡಿರಬಹುದು, ಕ್ರೀಡಾಕೂಟದ ಪ್ರಶಸ್ತಿಪತ್ರದ ಮೂಲೆಯಲ್ಲಿ ಕಂಡಿರಬಹುದು. ಮೊಣಕಾಲು ಬಾಗಿದೆ, ಮೈ ಬಿಲ್ಲಿನಂತೆ ತಿರುಚಿಕೊಂಡಿದೆ, ಬಲಗೈ ಹಿಂದಕ್ಕೆ ಚಾಚಿ ಮೇಲೆದ್ದಿದೆ. ಇನ್ನೇನು ಚಕ್ರ ಕೈಬಿಟ್ಟಿತು ಎನ್ನುವ ಗಳಿಗೆ ಅದು. ಚಕ್ರವೆಂದೊಡನೆ ನಮಗೆ ಸುದರ್ಶನ ನೆನಪಾಗುವುದು ಸಹಜ. ಆದರೆ ಇದು ಆಯುಧವಲ್ಲ. ನಡು ದಪ್ಪವಾಗಿ ಅಂಚು ತೆಳುವಾಗಿರುವ, ತಿಂಡಿಯ ತಟ್ಟೆಯಷ್ಟಗಲದ ಒಂದು ಬಿಲ್ಲೆ. ಎಷ್ಟು ದೂರ ಹೋಗಿ ಬಿದ್ದಿತೆಂಬುದಷ್ಟೇ ಅದರ ಪುರಾಣ.

ನಾನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹೈಸ್ಕೂಲಿನಲ್ಲಿ ಇತಿಹಾಸ ಹೇಳಿದವನು. ಗ್ರೀಸಿನ ಪಾಠ ಬಂದಾಗಲೆಲ್ಲ ಆ ಚಿತ್ರವನ್ನು ಮಕ್ಕಳಿಗೆ ತೋರಿಸಿ, “ಮನುಷ್ಯದೇಹದ ಪರಿಪೂರ್ಣತೆ ಎಂದರೆ ಇದು” ಎನ್ನುತ್ತಿದ್ದೆ. ಆ ಮಾತಿನ ಬಗ್ಗೆ ನನಗೇ ಅನುಮಾನ ಹುಟ್ಟಲು ಬಹಳ ಕಾಲ ಹಿಡಿಯಿತು.

1984ರ ಚಳಿಗಾಲದಲ್ಲಿ ನಮ್ಮ ಶಾಲೆಯ ವಾರ್ಷಿಕ ಕ್ರೀಡಾಕೂಟ ನಡೆದಾಗ ಚಕ್ರ ಎಸೆತದ ಉಸ್ತುವಾರಿ ನನ್ನ ಪಾಲಿಗೆ ಬಂದಿತ್ತು. ಒಂಬತ್ತನೆಯ ತರಗತಿಯ ಹುಡುಗನೊಬ್ಬ, ಎಳವೆಯಲ್ಲಿ ಪೋಲಿಯೊ ತಗುಲಿ ಎರಡು ಕಾಲೂ ಸೊರಗಿದವನು, ದೂರದ ಲೆಕ್ಕ ಬರೆಯಲು ನನ್ನ ಪಕ್ಕದಲ್ಲಿದ್ದ. ಪ್ರಯೋಗಶಾಲೆಯಿಂದ ಒಂದು ಮರದ ಸ್ಟೂಲು ತರಿಸಿ ಅವನನ್ನು ಕೂರಿಸಿದ್ದೆ. ವರ್ಷಗಟ್ಟಲೆ ಊರುಗೋಲಿನ ಮೇಲೆ ನಡೆದು ಅವನ ತೋಳು, ಹೆಗಲುಗಳು ಉಳಿದ ಹುಡುಗರಿಗಿಂತ ಬಲಿತಿದ್ದವು. ಚಕ್ರ ನೆಲ ಮುಟ್ಟುವ ಮೊದಲೇ ಅದು ಎಷ್ಟು ದೂರ ಬೀಳುತ್ತದೆಂದು ಅಂದಾಜು ಹೇಳುತ್ತಿದ್ದ. ಟೇಪು ಹಿಡಿದು ನೋಡಿದರೆ ಗೇಣು ಆಚೀಚೆ, ಅಷ್ಟೆ. ಸ್ಪರ್ಧೆ ಮುಗಿದು ಎಲ್ಲರೂ ಚದುರಿದ ಮೇಲೆ ಅವನು ಮೆಲ್ಲಗೆ ಕೇಳಿದ: “ಸಾರ್, ನಾನೂ ಒಂದ್ಸಲ ಎಸೀಲಾ?”

“ನಿನಗ್ಯಾಕಪ್ಪ ಅದೆಲ್ಲ? ಬಿದ್ದು ಏಟು ಮಾಡ್ಕೊಂಡೀಯ. ನೀನು ಲೆಕ್ಕ ಬರ್ಕೊ, ಅದೇ ದೊಡ್ಡ ಕೆಲಸ” ಎಂದೆ.

ಅವನು ಮರುಮಾತಾಡದೆ ಪುಸ್ತಕ ಮುಚ್ಚಿದ. ಕರುಣೆಯಿಂದಲೇ ಆಡಿದ ಮಾತು ಅದು. ಇಂದು ನಿಮ್ಮೆದುರು ಈ ಚಕ್ರದ ಕಥೆ ಹೇಳಲು ಕುಳಿತಿರುವುದು ಆ ಮಾತಿನ ಋಣದ ಭಾರದಿಂದ.

ಮೊದಲು ಪ್ರತಿಮೆಯಿಂದಲೇ ತೊಡಗೋಣ. ಇದನ್ನು ಮಾಡಿದವನು ಮೈರಾನ್ ಎಂಬ ಶಿಲ್ಪಿ. ಕಾಲ ಸುಮಾರು ಕ್ರಿಸ್ತಪೂರ್ವ 450. ಅವನು ಎರಕ ಹೊಯ್ದ ಕಂಚಿನ ಮೂಲಪ್ರತಿಮೆ ಎಂದೋ ಕಳೆದುಹೋಗಿದೆ. ನಾವು ಕಾಣುವುದೆಲ್ಲ ರೋಮನರು ಅಮೃತಶಿಲೆಯಲ್ಲಿ ಕಡೆಸಿಕೊಂಡ ನಕಲುಗಳು. ಅವುಗಳಲ್ಲೊಂದು 1781ರಲ್ಲಿ ರೋಮಿನ ಎಸ್ಕ್ವಿಲೈನ್ ಗುಡ್ಡದ ಮೇಲೆ ದೊರೆತು ಲಾನ್ಸೆಲೊತ್ತಿ ಮನೆತನದ ಸ್ವತ್ತಾಯಿತು. ಇನ್ನೊಂದು, ಸುಮಾರು ಹತ್ತು ವರ್ಷಗಳ ತರುವಾಯ ಚಕ್ರವರ್ತಿ ಹೇಡ್ರಿಯನ್ನನ ತೋಟದರಮನೆಯ ಅವಶೇಷಗಳಲ್ಲಿ ಸಿಕ್ಕಿ, ಟೌನ್ಲಿ ಎಂಬ ಆಂಗ್ಲ ಸಂಗ್ರಾಹಕನ ಕೈಸೇರಿ, ಕೊನೆಗೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಬಂತು. ಈ ಎರಡನೆಯದರಲ್ಲಿ ಒಂದು ಸ್ವಾರಸ್ಯವಿದೆ. ಜೀರ್ಣೋದ್ಧಾರ ಮಾಡಿದವರು ತಲೆಯನ್ನು ತಪ್ಪು ದಿಕ್ಕಿಗೆ ಜೋಡಿಸಿಬಿಟ್ಟರು. ಹಿಂದಿರುಗಿ ಚಕ್ರವನ್ನು ನೋಡಬೇಕಾದ ಮುಖ ನೆಲ ನೋಡುತ್ತಿದೆ. ಪರಿಪೂರ್ಣತೆಯ ಮಾದರಿಯೆಂದು ಜಗತ್ತು ಕೊಂಡಾಡಿದ ಮೈಯೇ ಮುರಿದು, ಬೆಸೆದು, ತಪ್ಪಾಗಿ ಕೂಡಿದ ಮೈ. ಈ ಸಂಗತಿ ನನಗೆ ಮೊದಲೇ ತಿಳಿದಿದ್ದರೆ ಪಾಠವನ್ನು ಸ್ವಲ್ಪ ಬೇರೆಯಾಗಿ ಹೇಳುತ್ತಿದ್ದೆನೋ ಏನೋ.

ಲಾನ್ಸೆಲೊತ್ತಿ ಪ್ರತಿಮೆಯ ಭಾಗ್ಯ ಇನ್ನೂ ವಿಚಿತ್ರವಾದದ್ದು. ಅದರ ಮೇಲೆ ಹಿಟ್ಲರನ ಕಣ್ಣು ಬಿತ್ತು. ಇಟಲಿಯ ವಿದ್ವಾಂಸರ ವಿರೋಧವನ್ನು ಲೆಕ್ಕಿಸದೆ 1938ರಲ್ಲಿ ಅದನ್ನು ಐವತ್ತು ಲಕ್ಷ ಲೀರಾಗಳಿಗೆ ಅವನಿಗೆ ಮಾರಲಾಯಿತು. ಮ್ಯೂನಿಕ್ ನಗರದ ವಸ್ತುಸಂಗ್ರಹಾಲಯದಲ್ಲಿ ಅದನ್ನು ಮೆರೆಸಿದರು. ಅದೇ ವರ್ಷ ಬರ್ಲಿನ್ ಒಲಿಂಪಿಕ್ಸ್ ಕುರಿತ ಲೆನಿ ರೀಫೆನ್‌ಸ್ಟಾಲಳ ಚಲನಚಿತ್ರವೂ ತೆರೆಗೆ ಬಂತು. ಅದರ ಆರಂಭದಲ್ಲಿ ಈ ಪ್ರತಿಮೆಯೇ ಕರಗಿ ಜೀವಂತ ಕ್ರೀಡಾಪಟುವಾಗಿ ಮಾರ್ಪಡುತ್ತದೆ. ಕಲ್ಲಿನ ಮೈಯನ್ನು ಒಂದು ಜನಾಂಗದ ಅಳತೆಗೋಲು ಮಾಡಿಕೊಂಡಾಗ ಏನಾಗುತ್ತದೆಂಬುದು ಮರುವರ್ಷವೇ ಗೊತ್ತಾಯಿತು. 1939ರ ಸೆಪ್ಟೆಂಬರ್ 1ರ ತಾರೀಖು ಹೊತ್ತ ಒಂದು ಪತ್ರದಲ್ಲಿ ಹಿಟ್ಲರನು, ಗುಣವಾಗದವರೆಂದು ವೈದ್ಯರು ತೀರ್ಮಾನಿಸಿದವರನ್ನು ಕೊಲ್ಲಲು ಅಧಿಕಾರವಿತ್ತನು. 1941ರ ಆಗಸ್ಟ್ ತಿಂಗಳಷ್ಟರಲ್ಲಿ ಎಪ್ಪತ್ತು ಸಾವಿರಕ್ಕೂ ಮೇಲ್ಪಟ್ಟು ಅಂಗವಿಕಲರೂ ಮನೋರೋಗಿಗಳೂ ವಿಷಾನಿಲದ ಕೋಣೆಗಳಲ್ಲಿ ಸತ್ತರು. ಅಳತೆಗೋಲಿಗೆ ಒಗ್ಗದ ಮೈಗೆ ಬದುಕುವ ಹಕ್ಕಿಲ್ಲವೆಂಬುದು ಆ ರಾಜ್ಯದ ತರ್ಕ.

ಆ ರಾಜ್ಯದಿಂದ ಪಾರಾಗಿ 1939ರ ಮಾರ್ಚ್ ತಿಂಗಳಲ್ಲಿ ಇಂಗ್ಲೆಂಡಿಗೆ ಬಂದಿಳಿದವರಲ್ಲಿ ಲುಡ್ವಿಗ್ ಗುಟ್‌ಮನ್ ಎಂಬ ಯಹೂದಿ ನರರೋಗತಜ್ಞರಿದ್ದರು. 1917ರಲ್ಲಿ, ಹದಿನೆಂಟರ ಪ್ರಾಯದಲ್ಲಿ, ಒಂದು ಆಸ್ಪತ್ರೆಯ ಸಹಾಯಕರಾಗಿದ್ದಾಗ ಅವರು ಬೆನ್ನು ಮುರಿದ ಗಣಿಗಾರನೊಬ್ಬನನ್ನು ಕಂಡಿದ್ದರು. ಆಜಾನುಬಾಹು ಆಳು. ವಿವರ ಬರೆದುಕೊಳ್ಳಲು ಹೋದ ಗುಟ್‌ಮನ್‌ಗೆ, ಆ ತೊಂದರೆ ಬೇಡ, ಕೆಲವೇ ವಾರಗಳಲ್ಲಿ ಅವನು ಸಾಯುತ್ತಾನೆ ಎಂದು ಹಿರಿಯರು ಹೇಳಿದರಂತೆ. ಐದು ವಾರಕ್ಕೆ ಅವನು ಸತ್ತ. ಬೆನ್ನುಹುರಿ ಕಡಿದವನನ್ನು ಕೊಲ್ಲುತ್ತಿದ್ದುದು ಆ ಪೆಟ್ಟಿಗಿಂತ ಹೆಚ್ಚಾಗಿ ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕು. ಅವೆರಡಕ್ಕಿಂತ ಮಿಗಿಲಾಗಿ, ಇವನು ಹೇಗೂ ಸಾಯುವವನೆಂಬ ಸುತ್ತಲಿನವರ ನಂಬಿಕೆ.

1944ರ ಫೆಬ್ರವರಿಯಲ್ಲಿ ಬ್ರಿಟಿಷ್ ಸರ್ಕಾರ ಲಂಡನ್ನಿನ ವಾಯವ್ಯಕ್ಕಿರುವ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿಯ ಗಾಯಾಳುಗಳಿಗಾಗಿ ಒಂದು ವಿಭಾಗ ತೆರೆದು ಗುಟ್‌ಮನ್ನರ ಕೈಗೊಪ್ಪಿಸಿತು. ಯುದ್ಧದಲ್ಲಿ ಬೆನ್ನು ಮುರಿದ ಸೈನಿಕರು ಅಲ್ಲಿಗೆ ಬರತೊಡಗಿದರು. ಹಗಲಿರುಳೂ ಎರಡು ಗಂಟೆಗೊಮ್ಮೆ ರೋಗಿಯನ್ನು ಮಗ್ಗುಲು ಬದಲಿಸಬೇಕು ಎಂಬುದು ಗುಟ್‌ಮನ್ನರ ಮೊದಲ ಕಟ್ಟಪ್ಪಣೆ. ರೋಗಿಗಳು ಬದುಕಿ ಉಳಿದರು. ಉಳಿದವರು ಏನು ಮಾಡಬೇಕು ಎಂಬುದು ಮುಂದಿನ ಪ್ರಶ್ನೆ. ಅದಕ್ಕೆ ಅವರು ಕಂಡುಕೊಂಡ ಉತ್ತರ ಆಟ.

ಇಲ್ಲಿ ಕಾಲವು ತಾನಾಗಿಯೇ ಒಂದು ಚಿತ್ರ ಬರೆದಿದೆ. 1948ರ ಜುಲೈ 29ರಂದು ಲಂಡನ್ ಒಲಿಂಪಿಕ್ಸ್ ಆರಂಭವಾಯಿತು. ಅದರ ಅಧಿಕೃತ ಭಿತ್ತಿಪತ್ರದ ಮೇಲೆ ಇದ್ದದ್ದು ಪಾರ್ಲಿಮೆಂಟಿನ ಗಡಿಯಾರಗೋಪುರ, ಅದರ ಮುಂದೆ ಅದೇ ಚಕ್ರಧಾರಿ ತರುಣ. ಅದೇ ದಿನ ಸ್ಟೋಕ್ ಮ್ಯಾಂಡೆವಿಲ್ಲಿನ ಹುಲ್ಲುಹಾಸಿನ ಮೇಲೆ ಗಾಲಿಕುರ್ಚಿಯಲ್ಲಿ ಕುಳಿತ ಹದಿನಾರು ಮಂದಿ, ಹದಿನಾಲ್ಕು ಗಂಡಸರು ಮತ್ತು ಇಬ್ಬರು ಹೆಂಗಸರು, ಬಿಲ್ಲುಗಾರಿಕೆಯ ಸ್ಪರ್ಧೆ ನಡೆಸಿದರು. ಮ್ಯೂನಿಕ್ಕಿನಲ್ಲಿದ್ದ ಲಾನ್ಸೆಲೊತ್ತಿ ಪ್ರತಿಮೆ ಇಟಲಿಗೆ ಮರಳಿದ್ದು ಕೂಡ ಅದೇ 1948ರಲ್ಲಿ. ಇತಿಹಾಸದ ಮೇಷ್ಟ್ರಾದ ನನಗೆ ಇಂತಹ ಕಾಕತಾಳೀಯಗಳನ್ನು ಹೆಚ್ಚಾಗಿ ನಂಬಬಾರದೆಂದು ಗೊತ್ತು. ಆದರೂ ಈ ಮೂರು ಸಂಗತಿಗಳನ್ನು ಒಂದೇ ಪುಟದಲ್ಲಿ ಬರೆಯದಿರಲು ಮನಸ್ಸಾಗುವುದಿಲ್ಲ.

1952ರಲ್ಲಿ ಹಾಲೆಂಡಿನ ಗಾಯಾಳುಗಳು ಬಂದು ಸೇರಿದರು. ಆಸ್ಪತ್ರೆಯ ಆಟ ಅಂತರರಾಷ್ಟ್ರೀಯವಾಯಿತು. 1960ರಲ್ಲಿ ಒಲಿಂಪಿಕ್ಸ್ ಮುಗಿದ ಕೆಲವೇ ದಿನಗಳಲ್ಲಿ 23 ದೇಶಗಳ ಸುಮಾರು 400 ಮಂದಿ ಗಾಲಿಕುರ್ಚಿಯ ಕ್ರೀಡಾಪಟುಗಳು ರೋಮಿನಲ್ಲಿ ಸೇರಿದರು. ಅದನ್ನು ಇಂದು ಮೊದಲ ಪ್ಯಾರಾಲಿಂಪಿಕ್ಸ್ ಎಂದು ಎಣಿಸುತ್ತಾರೆ. ಚಕ್ರಧಾರಿಯ ಪ್ರತಿಮೆಯಿರುವ ಊರಿನಲ್ಲೇ ಕೂಟ ನಡೆದರೂ ಚಕ್ರ ಎಸೆತ ಅಂದಿನ ಪಟ್ಟಿಯಲ್ಲಿರಲಿಲ್ಲ. ಗುಂಡು, ಜಾವೆಲಿನ್, ಸಣ್ಣ ಗದೆಯಂತಹ ಮರದ ದಂಡ, ಇವಷ್ಟೇ ಇದ್ದವು. ನಾಲ್ಕು ವರ್ಷಗಳ ಮೇಲೆ, 1964ರ ಟೋಕಿಯೋ ಕೂಟದಲ್ಲಿ ಚಕ್ರವೂ ಬಂತು. 1976ರಲ್ಲಿ ಟೊರಾಂಟೊ ನಗರದಲ್ಲಿ ಕೈಕಾಲು ಕಳೆದುಕೊಂಡವರಿಗೂ ಅಂಧರಿಗೂ ಬಾಗಿಲು ತೆರೆಯಿತು. ಭಾರತ 1968ರಲ್ಲಿ ಟೆಲ್ ಅವೀವ್ ಕೂಟಕ್ಕೆ ಮೊದಲ ತಂಡ ಕಳಿಸಿತು. 1972ರಲ್ಲಿ ಹೈಡೆಲ್‌ಬರ್ಗಿನಲ್ಲಿ, 1965ರ ಯುದ್ಧದಲ್ಲಿ ಗುಂಡೇಟು ತಿಂದಿದ್ದ ಯೋಧ ಮುರಳಿಕಾಂತ್ ಪೇಟ್ಕರ್ ಈಜಿನಲ್ಲಿ ನಮ್ಮ ಮೊದಲ ಚಿನ್ನ ತಂದರು.

ಕುಳಿತು ಚಕ್ರ ಎಸೆಯುವುದು ಹೇಗೆ ಎಂದು ನೀವು ಕೇಳಬಹುದು. ನಿಂತು ಎಸೆಯುವವನು ಎರಡೂವರೆ ಮೀಟರ್ ಅಡ್ಡಳತೆಯ ವೃತ್ತದೊಳಗೆ ಒಂದೂವರೆ ಸುತ್ತು ಬುಗುರಿಯಂತೆ ತಿರುಗುತ್ತಾನೆ. ಅವನ ಬಲ ಅಂಗಾಲಿನಲ್ಲಿ ಹುಟ್ಟಿ, ತೊಡೆಗೇರಿ, ಸೊಂಟದ ಮೂಲಕ ಹೆಗಲಿಗೆ ಹರಿದು, ಕಡೆಗೆ ಬೆರಳ ತುದಿ ಮುಟ್ಟುತ್ತದೆ. ಕುಳಿತವನಿಗೆ ಈ ಹೊಳೆಯ ಮೇಲ್ಭಾಗವೇ ಇಲ್ಲ. ಅವನ ಆಸನ ಗಾಲಿಯ ಕುರ್ಚಿಯಲ್ಲ; ಕಬ್ಬಿಣದ ಚೌಕಟ್ಟು. ಮೆತ್ತೆಯೂ ಸೇರಿ ಅದರ ಎತ್ತರ 75 ಸೆಂಟಿಮೀಟರ್ ಮೀರುವಂತಿಲ್ಲ. ಅದನ್ನು ವೃತ್ತದೊಳಗೆ ಪಟ್ಟಿಗಳಿಂದ ಅಲುಗದಂತೆ ನೆಲಕ್ಕೆ ಬಿಗಿಯುತ್ತಾರೆ; ಆಟಗಾರನನ್ನು ಅದಕ್ಕೆ ಬಿಗಿಯುತ್ತಾರೆ. ಮುಂದೆ ಒಂದು ನೆಟ್ಟಗಿನ ಕಂಬವಿರಬಹುದು. ಎಡಗೈ ಅದನ್ನು ಹಿಡಿದಾಗ ಕಳೆದುಹೋದ ಕಾಲುಗಳ ಕೆಲಸವನ್ನು ಆ ಹಿಡಿತವೇ ಮಾಡುತ್ತದೆ. ಒಂದು ತೂಗು, ಎರಡು ತೂಗು, ಬೆನ್ನು ಹಿಂದಕ್ಕೆ ವಾಲಿ ಎದೆ ತಿರುಚಿ, ಎಡಗೈ ಕಂಬವನ್ನು ಸೆಳೆದ ಕ್ಷಣದಲ್ಲಿ ಬಲಗೈ ಚಕ್ರವನ್ನು ಬಿಡುತ್ತದೆ. ಆಸನದಿಂದ ಮೈ ಎದ್ದರೆ ಆ ಎಸೆತ ಲೆಕ್ಕಕ್ಕಿಲ್ಲ. ಚೌಕಟ್ಟು ಬಿಗಿಯಲು ಹೊತ್ತು ಹಿಡಿಯುವುದರಿಂದ ಒಬ್ಬೊಬ್ಬರೂ ತಮ್ಮ ಎಲ್ಲ ಎಸೆತಗಳನ್ನು ಒಂದೇ ಸಮನೆ ಮುಗಿಸಿ ಇಳಿಯುತ್ತಾರೆ. ಆಮೇಲೆ ಉಳಿಯುವುದು ಇತರರ ಚಕ್ರ ಎಲ್ಲಿ ಬೀಳುತ್ತದೆಂದು ನೋಡುತ್ತ ಕೂರುವುದೊಂದೇ.

ಒಲಿಂಪಿಕ್ಸ್ ಪುರುಷರ ಚಕ್ರದ ತೂಕ ಎರಡು ಕಿಲೋ. ಕುಳಿತು ಎಸೆಯುವ ಪುರುಷರದು ಒಂದು ಕಿಲೋ. ಕೃತಕ ಕಾಲಿನ ಮೇಲೆ ನಿಂತು ಎಸೆಯುವವರದು ಒಂದೂವರೆ ಕಿಲೋ. ಪೂರ್ತಿ ದೃಷ್ಟಿಯಿಲ್ಲದವರ ಕೈಗೆ ಒಲಿಂಪಿಕ್ಸಿನ ಎರಡು ಕಿಲೋ ಚಕ್ರವನ್ನೇ ಕೊಡುತ್ತಾರೆ. ಅವರು ಕಣ್ಣಿಗೆ ಬೆಳಕು ತೂರದ ಕನ್ನಡಕ ಧರಿಸುತ್ತಾರೆ; ಮಾರ್ಗದರ್ಶಿ ಅವರನ್ನು ವೃತ್ತದಲ್ಲಿ ನೇರ ನಿಲ್ಲಿಸಿ ಹೊರಬಂದು ದನಿಗೊಟ್ಟು ದಿಕ್ಕು ತೋರುತ್ತಾನೆ. ಕತ್ತಲಲ್ಲಿ ಬುಗುರಿಯಂತೆ ತಿರುಗಿ, ದನಿಯೊಂದನ್ನು ನಂಬಿ, ಬ್ರೆಜಿಲಿನ ಅಲೆಸ್ಸಾಂಡ್ರೊ ಡ ಸಿಲ್ವ ರಿಯೊ ಮತ್ತು ಟೋಕಿಯೋಗಳಲ್ಲಿ 43 ಮೀಟರಿನಾಚೆಗೆ ಚಕ್ರ ಎಸೆದು ಚಿನ್ನ ಗೆದ್ದರು. ಹುಟ್ಟಿನಿಂದಲೇ ಬಲಗಾಲಿನ ಎಲುಬಿನ ಕೊರತೆಯಿದ್ದು ಶೈಶವದಲ್ಲೇ ಅದನ್ನು ಕತ್ತರಿಸಬೇಕಾಗಿ ಬಂದ ಅಮೆರಿಕದ ಜೆರೆಮಿ ಕ್ಯಾಂಪ್‌ಬೆಲ್ 2008ರಿಂದ 2024ರವರೆಗಿನ ಐದು ಕೂಟಗಳಲ್ಲೂ ಚಕ್ರದ ಚಿನ್ನವನ್ನು ಬೇರೊಬ್ಬರಿಗೆ ಬಿಟ್ಟುಕೊಡಲಿಲ್ಲ.

ಮೈಯಿಂದ ಮೈಗೆ ಕೊರತೆ ಬೇರೆಯಾದ್ದರಿಂದ ಯಾರು ಯಾರೊಡನೆ ಸ್ಪರ್ಧಿಸಬೇಕೆಂಬುದೇ ಈ ಆಟದ ಅತ್ಯಂತ ಕಠಿಣವಾದ ಪ್ರಶ್ನೆ. ಸ್ನಾಯುವಿನ ಬಲ, ಕೀಲುಗಳ ಚಲನೆ, ಸೊಂಟದ ಹತೋಟಿ ಇವನ್ನೆಲ್ಲ ತಜ್ಞರು ಪರೀಕ್ಷಿಸಿ ಆಟಗಾರನಿಗೆ ಒಂದು ವರ್ಗವನ್ನು ಗೊತ್ತುಪಡಿಸುತ್ತಾರೆ. ಎಫ್ ಅಕ್ಷರದ ಮುಂದೆ ಒಂದು ಸಂಖ್ಯೆ. 11ರಿಂದ 13 ದೃಷ್ಟಿದೋಷದವರಿಗೆ; 40, 41 ಕುಳ್ಳರಿಗೆ; 51ರಿಂದ 57 ಕುಳಿತು ಎಸೆಯುವವರಿಗೆ. 51 ಎಂದರೆ ಬೆರಳಿನ ಹಿಡಿತವೂ ದುರ್ಬಲ. 57ರ ಕಡೆಗೆ ಬರುತ್ತ ಮೈಯ ಹತೋಟಿ ಹೆಚ್ಚು. ಜನಕನ ಆಸ್ಥಾನದಲ್ಲಿ ಅಷ್ಟಾವಕ್ರನನ್ನು ಕಂಡು ಪಂಡಿತರು ನಕ್ಕ ಕಥೆ ನಮಗೆ ಗೊತ್ತಲ್ಲ. ಈ ಸಭೆಯಲ್ಲಿ ಎಂಟು ಡೊಂಕನ್ನೂ ಒಂದೊಂದಾಗಿ ಎಣಿಸುತ್ತಾರೆ; ಆದರೆ ನಗುವುದಕ್ಕಲ್ಲ, ಸಮಬಲರನ್ನು ಎದುರುಬದುರು ಕೂರಿಸುವುದಕ್ಕೆ. ಒಮ್ಮೆ ಎಣಿಸಿ ಮುಗಿಸಿದ ಮೇಲೆ ನೋಡಬೇಕಾದದ್ದು ಚಕ್ರವನ್ನು ಮಾತ್ರ.

ನಮ್ಮ ಭಾಷೆ ಈ ಎಣಿಕೆಯಲ್ಲಿ ಒಂದು ಎಡವಟ್ಟು ಮಾಡಿಕೊಂಡಿದೆಯೆಂದು ನನಗೆ ಆಗಾಗ ಅನ್ನಿಸುತ್ತದೆ. ಹಿಂದೆ ‘ಅಂಗವಿಕಲ’ ಎನ್ನುತ್ತಿದ್ದೆವು. ಅದು ನೋಯಿಸುತ್ತದೆಂದು ‘ವಿಕಲಚೇತನ’ ಎಂಬ ಪದ ತಂದೆವು. ಸದುದ್ದೇಶವೇ ಸರಿ. ಆದರೆ ಹಳೆಯ ಪದ ಊನವನ್ನು ಅಂಗಕ್ಕಷ್ಟೇ ಆರೋಪಿಸಿತ್ತು. ಹೊಸದು ಚೇತನಕ್ಕೇ ಆರೋಪಿಸುತ್ತದೆ. ಕಬ್ಬಿಣದ ಚೌಕಟ್ಟಿಗೆ ತನ್ನನ್ನು ಬಿಗಿಸಿಕೊಂಡು ಒಂದು ಕಿಲೋ ಚಕ್ರವನ್ನು ನಲವತ್ತು ಮೀಟರಿನಾಚೆ ಕಳಿಸುವವನಲ್ಲಿ ವಿಕಲವಾದ ಚೇತನ ಎಲ್ಲಿದೆಯೋ ನಾನರಿಯೆ.

ವರ್ಗದ ಗೆರೆ ಎಷ್ಟು ಸೂಕ್ಷ್ಮವೆಂಬುದಕ್ಕೆ ಟೋಕಿಯೋ ಕೂಟದ ಒಂದು ಪ್ರಸಂಗವನ್ನು ಹೇಳಬೇಕು. 2021ರ ಆಗಸ್ಟ್ 29ರಂದು ಎಫ್ 52 ವರ್ಗದ ಚಕ್ರ ಎಸೆತ ನಡೆಯಿತು. ಪೋಲೆಂಡಿನ ಸ್ಪರ್ಧಿ 20.02 ಮೀಟರ್, ಕ್ರೊಯೇಷಿಯಾದವರು 19.98, ಭಾರತದವರು 19.91. ಮೊದಲನೆಯವರಿಗೂ ಮೂರನೆಯವರಿಗೂ ನಡುವೆ ಬರೀ ಹನ್ನೊಂದು ಸೆಂಟಿಮೀಟರ್. ದೇಶವೆಲ್ಲ ಸಂಭ್ರಮಿಸಿತು. ಆದರೆ ಭಾರತೀಯರು ಆ ವರ್ಗಕ್ಕೆ ಸೇರಿದವರೇ ಎಂದು ಇತರರು ಆಕ್ಷೇಪವೆತ್ತಿದರು. ಮರುದಿನ ಫಲಿತಾಂಶ ರದ್ದಾಯಿತು, ಕಂಚು 19.54 ಮೀಟರ್ ಎಸೆದಿದ್ದ ಲಾಟ್ವಿಯಾದ ಐಗಾರ್ಸ್ ಅಪಿನಿಸ್ ಅವರ ಪಾಲಾಯಿತು. ನಮ್ಮವರು ತಮ್ಮ ಸಾಮರ್ಥ್ಯವನ್ನು ಬೇಕೆಂದೇ ಕಡಿಮೆ ತೋರಿಸಿದರೆಂದು ಮುಂದೆ ಅಂತರರಾಷ್ಟ್ರೀಯ ಸಮಿತಿ ತೀರ್ಮಾನಿಸಿ ಎರಡು ವರ್ಷದ ನಿಷೇಧ ಹಾಕಿತು. ಅವರ ಹೆಸರನ್ನು ಇಲ್ಲಿ ಎತ್ತುವ ಅಗತ್ಯ ನನಗೆ ಕಾಣುವುದಿಲ್ಲ. ಗಡಿ ಕಾಯುವ ಪಡೆಯಲ್ಲಿದ್ದು, ಕಡಿದಾದ ಬಂಡೆಯಿಂದ ಬಿದ್ದು ವರ್ಷಗಟ್ಟಲೆ ಹಾಸಿಗೆ ಹಿಡಿದು ಎದ್ದವರು ಅವರು. ಆ ಸಂಕಟ ಸುಳ್ಳಲ್ಲ. ಆದರೆ ಇನ್ನೂ ಕಡಿಮೆ ಬಲದ ಕೈಯೊಂದು ಅಲ್ಲಿ ಎಸೆಯುತ್ತಿತ್ತು ಎಂಬುದೂ ಸುಳ್ಳಲ್ಲ. ಕರುಣೆಯನ್ನು ಎಲ್ಲರಿಗೂ ಹಂಚಬಹುದು. ಪದಕವನ್ನು ಹಂಚಲು ನ್ಯಾಯ ಬೇಕು. ಈ ಆಟ ಕರುಣೆಯ ಮನೆಯಿಂದ ನ್ಯಾಯದ ಮನೆಗೆ ಬಂದಿದೆ ಎಂಬುದಕ್ಕೆ ಆ ಕಹಿ ಪ್ರಸಂಗವೇ ಸಾಕ್ಷಿ.

ಅದರ ಮರುದಿನವೇ ಅದೇ ಟೋಕಿಯೋದಲ್ಲಿ ಎಫ್ 56 ವರ್ಗದ ಸ್ಪರ್ಧೆ. ಹರಿಯಾಣದ ಬಹಾದ್ದೂರ್‌ಗಢದ ಯೋಗೇಶ್ ಕಥುನಿಯಾ ಆಸನವೇರಿದರು. 1997ರಲ್ಲಿ ಹುಟ್ಟಿದ ಇವರಿಗೆ ಇನ್ನೂ ಬಾಲ್ಯದಲ್ಲೇ ಗಿಲಾನ್-ಬಾರೆ ಎಂಬ ನರರೋಗ ತಗುಲಿ ಕೈಕಾಲುಗಳ ಬಲ ಉಡುಗಿತ್ತು. ಮಗನಿಗಾಗಿ ತಾಯಿಯೇ ಅಂಗಸಾಧನೆಯ ಚಿಕಿತ್ಸೆಯನ್ನು ಕಲಿತು, ದಿನವೂ ಅವನ ಕೈಕಾಲು ನೀವಿ, ಆಡಿಸಿ, ಮೂರು ವರ್ಷಕ್ಕೆ ಮತ್ತೆ ಹೆಜ್ಜೆ ಇಡಿಸಿದರು. ಟೋಕಿಯೋದಲ್ಲಿ ಯೋಗೇಶರ ಅತ್ಯುತ್ತಮ ಎಸೆತ ಬಂದದ್ದು ಆರನೆಯ, ಅಂದರೆ ಕಟ್ಟಕಡೆಯ ಸರದಿಯಲ್ಲಿ: 44.38 ಮೀಟರ್, ಬೆಳ್ಳಿ. ಚಿನ್ನ ಗೆದ್ದವರು 45.59 ಎಸೆದ ಬ್ರೆಜಿಲಿನ ಕ್ಲಾಡಿನೆ ಬಟಿಸ್ಟ ದೊಸ್ ಸಾಂಟೋಸ್, 2005ರ ಮೋಟಾರ್‌ಸೈಕಲ್ ಅಪಘಾತದಲ್ಲಿ ಕಾಲು ಕಳೆದುಕೊಂಡವರು. 2024ರಲ್ಲಿ ಪ್ಯಾರಿಸ್ಸಿನಲ್ಲಿ ಇಬ್ಬರೂ ಮತ್ತೆ ಎದುರಾದರು. ಈ ಸಲ ಯೋಗೇಶರ ಮೊದಲ ಎಸೆತವೇ 42.22, ಅದಕ್ಕಿಂತ ಮುಂದೆ ಅವರ ಚಕ್ರ ಹೋಗಲಿಲ್ಲ. ಕ್ಲಾಡಿನೆ 46.86 ಎಸೆದು ಸತತ ಮೂರನೆಯ ಚಿನ್ನ ಪಡೆದರು. ಎರಡನೆಯ ಬೆಳ್ಳಿ ಬಂದಾಗ ಯೋಗೇಶರ ಮುಖದಲ್ಲಿ ಹರ್ಷಕ್ಕಿಂತ ಅತೃಪ್ತಿಯೇ ಹೆಚ್ಚಾಗಿತ್ತು. ನನಗೆ ಅದು ಬಹಳ ಹಿಡಿಸಿತು. ಅನುಕಂಪದ ಚಪ್ಪಾಳೆಯಿಂದ ತೃಪ್ತನಾಗುವವನು ಆಟಗಾರನಲ್ಲ.

ಇನ್ನು 1984ರ ಮಾತು. ಆ ವರ್ಷದ ಪ್ಯಾರಾಲಿಂಪಿಕ್ಸ್ ಎರಡು ಕಡೆ ನಡೆಯಿತು. ಬೆನ್ನುಹುರಿ ಗಾಯದವರಿಗೆ ಸ್ಟೋಕ್ ಮ್ಯಾಂಡೆವಿಲ್ಲಿನಲ್ಲಿ, ಉಳಿದವರಿಗೆ ನ್ಯೂಯಾರ್ಕಿನಲ್ಲಿ. ನ್ಯೂಯಾರ್ಕಿನಲ್ಲಿ ಜೋಗಿಂದರ್ ಸಿಂಗ್ ಬೇಡಿ ಎಂಬ ಭಾರತೀಯರು ಗುಂಡು ಎಸೆತದಲ್ಲಿ ಬೆಳ್ಳಿ, ಜಾವೆಲಿನ್‌ನಲ್ಲಿ ಕಂಚು, ಚಕ್ರ ಎಸೆತದಲ್ಲಿ ಇನ್ನೊಂದು ಕಂಚು ಗೆದ್ದರು. ಒಂದೇ ಕೂಟದಲ್ಲಿ ಒಂದಕ್ಕಿಂತ ಹೆಚ್ಚು ಪದಕ ಗೆಲ್ಲಲು ಮತ್ತೊಬ್ಬ ಭಾರತೀಯರಿಗೆ 37 ವರ್ಷ ಬೇಕಾಯಿತು. ಅದು 1984ರ ಜೂನ್. ನಾನು ಆ ಹುಡುಗನಿಗೆ “ನಿನಗ್ಯಾಕಪ್ಪ ಅದೆಲ್ಲ” ಎಂದದ್ದು ಅದೇ ವರ್ಷದ ಚಳಿಗಾಲ. ಕೆಲವೇ ತಿಂಗಳ ಹಿಂದೆ ಜಗತ್ತಿನ ಇನ್ನೊಂದು ತುದಿಯಲ್ಲಿ ಅವನ ಪ್ರಶ್ನೆಗೆ ಉತ್ತರ ಸಿಕ್ಕಾಗಿತ್ತು. ಅವನ ಮೇಷ್ಟ್ರ ಕಿವಿಗೆ ಅದು ಬಿದ್ದಿರಲಿಲ್ಲ. ನಮ್ಮ ಬೆಂಗಳೂರಿನಲ್ಲೇ, ಪೋಲಿಯೊಗೆ ತುತ್ತಾಗಿದ್ದ ಮಾಲತಿ ಹೊಳ್ಳ ಗಾಲಿಕುರ್ಚಿಯಿಂದ ಗುಂಡು, ಚಕ್ರ, ಜಾವೆಲಿನ್ ಎಸೆದು ಮುಂದೆ ಅರ್ಜುನ ಪ್ರಶಸ್ತಿ, ಪದ್ಮಶ್ರೀಗಳಿಗೆ ಪಾತ್ರರಾದರು. ಅದನ್ನೂ ನಾನು ಪತ್ರಿಕೆಯಲ್ಲಿ ಓದಿ, ಮೆಚ್ಚಿ, ಮಡಿಸಿಟ್ಟೆ. ನನ್ನ ಪಕ್ಕದಲ್ಲಿ ಕುಳಿತಿದ್ದ ಹುಡುಗನಿಗೂ ಈ ಸುದ್ದಿಗೂ ಸಂಬಂಧವಿದೆಯೆಂದು ತೋಚಲಿಲ್ಲ.

ಬಹಳ ತಡವಾಗಿ, ಕುಳಿತು ಎಸೆಯುವ ನಿಯಮಗಳನ್ನು ಮೊದಲ ಬಾರಿಗೆ ಓದುತ್ತಿದ್ದಾಗ, 75 ಸೆಂಟಿಮೀಟರ್ ಎಂಬಲ್ಲಿ ನನ್ನ ಕಣ್ಣು ನಿಂತುಬಿಟ್ಟಿತು. ಆ ದಿನ ಪ್ರಯೋಗಶಾಲೆಯಿಂದ ತರಿಸಿದ್ದ ಸ್ಟೂಲು ಎರಡಡಿಯೂ ಇರಲಿಲ್ಲ, ನಿಯಮದೊಳಗೇ ಇತ್ತು. ಹುಡುಗ ಅದರ ಮೇಲೆ ಕುಳಿತೇ ಇದ್ದ. ವೃತ್ತ ಹತ್ತು ಹೆಜ್ಜೆ ದೂರದಲ್ಲಿತ್ತು. ಸುಣ್ಣದ ಗೆರೆ ಇನ್ನೂ ಅಳಿಸಿರಲಿಲ್ಲ, ಚಕ್ರ ನನ್ನ ಕಾಲ ಬಳಿಯೇ ಬಿದ್ದಿತ್ತು. ಸ್ಟೂಲನ್ನು ಬಿಗಿಯಲು ನಾಲ್ಕು ಗೂಟ, ಒಂದಷ್ಟು ಹಗ್ಗ ಬೇಕಿತ್ತು. ಶಾಮಿಯಾನದವರ ಬಳಿ ಅವೂ ಇದ್ದವು. ಹೂಂ ಎನ್ನಬೇಕಾಗಿದ್ದವನು ನಾನೊಬ್ಬನೇ.

ಇದನ್ನು ಕೇಳುತ್ತಿರುವವರಲ್ಲಿ ಉಪಾಧ್ಯಾಯರಿದ್ದರೆ ಅವರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಶಾಲೆಯ ಕ್ರೀಡಾಕೂಟದಲ್ಲಿ ಲೆಕ್ಕ ಬರೆಯಲು ಯಾರನ್ನು ಕೂರಿಸಿದ್ದೀರೆಂದು ಈ ಸಲ ಒಮ್ಮೆ ತಿರುಗಿ ನೋಡಿ. ನನ್ನ ಬಳಿ ಆ ವರ್ಷದ ದಾಖಲೆ ಪುಸ್ತಕದ ನೆನಪು ಇನ್ನೂ ಇದೆ. ದುಂಡಗಿನ ಅಂದವಾದ ಅಕ್ಷರ. ಎಸೆದವರ ಹೆಸರುಗಳ ಮುಂದೆ ಅಡಿ, ಅಂಗುಲಗಳು ಒಂದೂ ತಪ್ಪಿಲ್ಲದೆ ಬರೆದಿದ್ದವು. ಬರೆದವನ ಹೆಸರು ಮಾತ್ರ ಆ ಪುಟದಲ್ಲೆಲ್ಲೂ ಇರಲಿಲ್ಲ.